ವಾರ್ಡಿನ ಮತ, ಬೀದಿಯ ದುಡಿಮೆ

ಸ್ಥಳೀಯ ಸಂಸ್ಥೆಗಳ ಚುನಾವಣೆ ಬಂತೆಂದರೆ ಮನೆಬಾಗಿಲಿಗೆ ಬರುವ ಕರಪತ್ರಗಳ ಒಕ್ಕಣೆ ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ. ಕುಡಿಯುವ ನೀರು, ಒಳಚರಂಡಿ, ಬೀದಿದೀಪ, ಪಾರ್ಕು, ಸಿ.ಸಿ. ಕ್ಯಾಮೆರಾ. ಎಲ್ಲ ಮುಗಿದ ಮೇಲೆ, ಕೈಮುಗಿದು ನಿಂತ ಫೋಟೊದ ಪಕ್ಕದಲ್ಲಿ, 'ನಿರುದ್ಯೋಗಿ ಯುವಕ ಯುವತಿಯರಿಗೆ ಉದ್ಯೋಗ, ಸಣ್ಣ ವ್ಯಾಪಾರಿಗಳಿಗೆ ಪ್ರೋತ್ಸಾಹ' ಎಂದು ಒಂದು ಸಾಲು. ನೀರಿನ ಮಾತು ಬಂದಾಗ ವಾರಕ್ಕೆ ಎಷ್ಟು ಸಲ ಬಿಡಿಸುತ್ತೇವೆ ಎಂದು ಹೇಳುವ ಅಭ್ಯರ್ಥಿ, ಉದ್ಯೋಗದ ಮಾತು ಬಂದಾಗ ಅಷ್ಟಕ್ಕೇ ನಿಲ್ಲುತ್ತಾನೆ. ಯಾವ ಉದ್ಯೋಗ, ಯಾವ ದುಡ್ಡಿನಲ್ಲಿ, ಯಾವ ಅಧಿಕಾರದ ಮೇಲೆ ಎಂಬ ವಿವರವಿಲ್ಲ. ಮತದಾರರೂ ಕೇಳುವುದಿಲ್ಲ. ಕೌನ್ಸಿಲರ್ ಎಂದರೆ ಚರಂಡಿ ಮತ್ತು ಕಸ, ನೌಕರಿ ಎಂದರೆ ವಿಧಾನಸೌಧ ಅಥವಾ ದಿಲ್ಲಿ ಎಂಬುದು ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ.

ಆ ಒಂದು ಸಾಲೇ ಕರಪತ್ರದ ಮೊದಲ ಸಾಲಾಗಬೇಕು ಎಂಬುದು ನನ್ನ ವಾದ. ವಾರ್ಡಿನ ಸದಸ್ಯ ಕಾರ್ಖಾನೆ ತರಲಾರ, ನಿಜ. ಆದರೆ ಸೊಪ್ಪಿನ ತಳ್ಳುಗಾಡಿ ಯಾವ ಮೂಲೆಯಲ್ಲಿ ನಿಲ್ಲಬಹುದು, ಬಸ್ ನಿಲ್ದಾಣದ ಪಕ್ಕದ ಮಳಿಗೆಗೆ ಎಷ್ಟು ಬಾಡಿಗೆ, ಹಿಟ್ಟಿನ ಗಿರಣಿಯವನ ಪರವಾನಿಗೆ ಎಷ್ಟು ದಿನದಲ್ಲಿ ಸಿಗಬೇಕು, ಪೇಟೆಬೀದಿಯನ್ನು ದೀಪಾವಳಿಗೆ ಮುಂಚೆ ಅಗೆಯಬೇಕೋ ಆಮೇಲೋ ಎಂಬುದೆಲ್ಲ ತೀರ್ಮಾನವಾಗುವುದು ಪುರಸಭೆಯ ಸಭಾಂಗಣದಲ್ಲಿ, ಇಲ್ಲವೇ ಆ ಸಭಾಂಗಣ ಖಾಲಿಯಿದ್ದಾಗ ಅಧಿಕಾರಿಯ ಕೊಠಡಿಯಲ್ಲಿ. ಊರಿನ ಬಹುಪಾಲು ದುಡಿಮೆ ನಿಂತಿರುವುದು ಇಂಥ ಸಣ್ಣ ತೀರ್ಮಾನಗಳ ಮೇಲೆ.

ಇದು ಕಾನೂನಿನಲ್ಲಿ ಬರೆದಿಟ್ಟ ಮಾತೂ ಹೌದು. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಸಭೆಗಳಿಗೆ ಹನ್ನೆರಡನೇ ಅನುಸೂಚಿಯಲ್ಲಿ 18 ವಿಷಯಗಳನ್ನು ಪಟ್ಟಿಮಾಡಿ ಕೊಟ್ಟಿತು. ರಸ್ತೆ, ನೀರು, ನೈರ್ಮಲ್ಯದ ಜೊತೆಗೇ 'ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಗೆ ಯೋಜನೆ' ಮತ್ತು 'ನಗರ ಬಡತನ ನಿವಾರಣೆ' ಆ ಪಟ್ಟಿಯಲ್ಲಿವೆ. ಅದೇ ವರ್ಷದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆಂದು ಕೊಟ್ಟ 29 ವಿಷಯಗಳಲ್ಲಿ ಸಣ್ಣ ಕೈಗಾರಿಕೆ, ಖಾದಿ ಮತ್ತು ಗುಡಿ ಕೈಗಾರಿಕೆ, ಸಂತೆ ಮಾರುಕಟ್ಟೆಗಳು ಸೇರಿವೆ. ರಾಜ್ಯ ಸರ್ಕಾರ ಅಧಿಕಾರವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿದೆಯೇ ಎಂಬುದು ಬೇರೆ ಜಗಳ, ಬಿಟ್ಟುಕೊಟ್ಟಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ಕೈಯಲ್ಲಿ ಉಳಿದಿರುವುದು ಕಡಿಮೆಯೇನಲ್ಲ.

ಯಾವುದು ಯಾರ ಕೈಯಲ್ಲಿದೆ ಎಂದು ಬಿಡಿಸಿ ನೋಡಿದರೆ ಅಭ್ಯರ್ಥಿಯ ಅರ್ಧ ಭರವಸೆಗಳು ತಾವಾಗಿ ಉದುರುತ್ತವೆ. 2025ರ ಜುಲೈ ತಿಂಗಳನ್ನು ನೆನೆಸಿಕೊಳ್ಳಿ. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ಹಾಲು ತರಕಾರಿ ಅಂಗಡಿಗಳ ಮುಂದೆ ಇದ್ದ ಕ್ಯೂಆರ್ ಕೋಡ್ ಚೀಟಿಗಳು ಇಳಿದು 'ನಗದು ಮಾತ್ರ' ಎಂಬ ಬೋರ್ಡುಗಳು ಬಂದವು. ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ವ್ಯಾಪಾರಿಗಳ ಸಭೆಯಲ್ಲಿ ಭರವಸೆ ಕೊಟ್ಟ ಮೇಲೆ ಬಿಸಿ ಸ್ವಲ್ಪ ಆರಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಬೇಕಿಲ್ಲ ಎಂಬ ಮಿತಿಯನ್ನು ಬದಲಿಸುವ ಅಧಿಕಾರ ಯಾವ ಪುರಸಭೆಗೂ ಇಲ್ಲ. ವಾರ್ಡಿನ ಚುನಾವಣೆಯಲ್ಲಿ ಜಿಎಸ್‌ಟಿ ಮಾತಾಡುವವರು ಮತದಾರರ ಹೊತ್ತು ಹಾಳುಮಾಡುತ್ತಿದ್ದಾರೆ. ಉದ್ಯೋಗ ಮೇಳ ಮಾಡಿಸುತ್ತೇನೆ ಎನ್ನುವುದೂ ಅಷ್ಟೆ. ಮೇಳಕ್ಕೆ ಒಂದು ಕಲ್ಯಾಣ ಮಂಟಪ ಹಿಡಿದರೆ ಮುಗಿಯಿತು, ಅದಕ್ಕೆ ಗೆದ್ದು ಬರಬೇಕಾಗಿಲ್ಲ.

ಪುರಸಭೆಯ ಕೈಯಲ್ಲಿ ನಿಜವಾಗಿ ಇರುವ, ಯಾವ ಅಭ್ಯರ್ಥಿಯೂ ಕರಪತ್ರದಲ್ಲಿ ಬರೆಯದ ವಿಷಯವೆಂದರೆ ಬೀದಿ ಬದಿ ವ್ಯಾಪಾರಿಗಳ ಕಾನೂನು. ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಅತಿ ಕಡಿಮೆ ಬಂಡವಾಳದಲ್ಲಿ ಅತಿ ಹೆಚ್ಚು ಜನ ಹೊಟ್ಟೆ ಹೊರೆಯುವುದು ಬೀದಿಯಲ್ಲೇ.

ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆ ಮತ್ತು ನಿಯಂತ್ರಣ ಕಾಯ್ದೆಯನ್ನು ಸಂಸತ್ತು 2014ರಲ್ಲಿ ಅಂಗೀಕರಿಸಿತು, ಅದೇ ವರ್ಷದ ಮೇ 1ರಿಂದ ಅದು ಜಾರಿಯಲ್ಲಿದೆ. ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು ಎನ್ನುತ್ತದೆ ಅದು. ಪಾಲಿಕೆಯ ಆಯುಕ್ತರೋ ಪುರಸಭೆಯ ಮುಖ್ಯಾಧಿಕಾರಿಯೋ ಅಧ್ಯಕ್ಷರು, ಸದಸ್ಯರಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಷ್ಟು ಮಂದಿ ವ್ಯಾಪಾರಿಗಳೇ ತಮ್ಮೊಳಗಿಂದ ಚುನಾಯಿಸಿ ಕಳಿಸಿದವರು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಐದು ವರ್ಷಕ್ಕೊಮ್ಮೆಯಾದರೂ ಬೀದಿ ವ್ಯಾಪಾರಿಗಳ ಸಮೀಕ್ಷೆ ಆಗಬೇಕು. ಸಮೀಕ್ಷೆಯಲ್ಲಿ ಸಿಕ್ಕವರಿಗೆಲ್ಲ ಜಾಗ ಕೊಡಬೇಕು, ಅದಕ್ಕಿರುವ ಮಿತಿ ಜನಸಂಖ್ಯೆಯ ಶೇ 2.5. ನಲವತ್ತು ಸಾವಿರ ಜನಸಂಖ್ಯೆಯ ಒಂದು ತಾಲ್ಲೂಕು ಕೇಂದ್ರಕ್ಕೆ ಇದನ್ನು ಅನ್ವಯಿಸಿ ನೋಡಿ, ಒಂದು ಸಾವಿರ ಜನರಿಗೆ ಬೀದಿಯಲ್ಲಿ ಕಾನೂನುಬದ್ಧವಾಗಿ ದುಡಿಯುವ ಜಾಗ. ಯಾವ ಕೈಗಾರಿಕೆ ಬಂದರೆ ಆ ಊರಿನಲ್ಲಿ ಸಾವಿರ ಕೆಲಸ ಹುಟ್ಟೀತು?

ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾವ ವ್ಯಾಪಾರಿಯನ್ನೂ ಎಬ್ಬಿಸುವಂತಿಲ್ಲ ಎನ್ನುತ್ತದೆ ಅದೇ ಕಾಯ್ದೆ. ಸ್ಥಳಾಂತರಿಸಬೇಕಾದರೆ 30 ದಿನದ ನೋಟಿಸು ಬೇಕು. ಸಾಮಾನು ಜಪ್ತಿ ಮಾಡಿದರೆ ಅದರ ಪಟ್ಟಿಯನ್ನು ವ್ಯಾಪಾರಿಯ ಕೈಗೆ ಕೊಡಬೇಕು. ಶುಲ್ಕ ಕಟ್ಟಿ ಕೇಳಿದಾಗ ಹೂವು, ಹಣ್ಣು, ಸೊಪ್ಪಿನಂಥ ಕೆಡುವ ಸರಕನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಐವತ್ತು ವರ್ಷ ದಾಟಿದ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಿ ಅಲ್ಲಿನವರನ್ನು ಅಲ್ಲೇ ಉಳಿಸಬೇಕೆಂಬ ಮಾತೂ ಇದೆ. ಅಂಥ ಮಾರುಕಟ್ಟೆ ನಮ್ಮಲ್ಲಿ ಊರಿಗೊಂದಾದರೂ ಇದೆ.

ಈಗ ನಿಮ್ಮ ಊರಿನ ಪೇಟೆಯನ್ನು ಕಣ್ಣಮುಂದೆ ತಂದುಕೊಳ್ಳಿ. ತೆರವು ಕಾರ್ಯಾಚರಣೆ ಎಂದಾಗ ಬರುವುದು ಪುರಸಭೆಯ ಟ್ರ್ಯಾಕ್ಟರು, ಪೊಲೀಸರು. ತಕ್ಕಡಿ, ಛತ್ರಿ, ಬುಟ್ಟಿ, ಕ್ರೇಟು ಎಲ್ಲ ಒಟ್ಟಿಗೆ ಟ್ರೇಲರಿಗೆ ಬೀಳುತ್ತವೆ. ಪಟ್ಟಿ ಬರೆದುಕೊಡುವವರನ್ನು ಕಂಡವರು ಕಡಿಮೆ. ಮಾರನೇ ದಿನ ಕಚೇರಿಗೆ ಹೋದರೆ ತಕ್ಕಡಿ ಸಿಗಬಹುದು, ಕೊಳೆತ ಟೊಮೆಟೊವನ್ನು ಯಾರು ಕೊಟ್ಟಾರು? ಒಂದು ದಿನದ ಸರಕು ಹೋಯಿತೆಂದರೆ ತರಕಾರಿ ಮಾರುವವಳಿಗೆ ಲಾಭ ಹೋಯಿತು ಎಂದಲ್ಲ, ಬಂಡವಾಳವೇ ಹೋಯಿತು. ಬೆಳಗಿನ ಜಾವ ಮಂಡಿಯಲ್ಲಿ ಸಾಲಕ್ಕೆ ಎತ್ತಿದ ಸರಕಿನ ಹಣವನ್ನು ಸಂಜೆ ಕಟ್ಟಲೇಬೇಕು. ಅದನ್ನು ಕಟ್ಟಲು ಮೀಟರ್ ಬಡ್ಡಿಯವನ ಹತ್ತಿರ ಹೋಗಬೇಕು. ಅಲ್ಲಿಂದಾಚೆಗೆ ಅವಳ ದುಡಿಮೆ ಬಡ್ಡಿಗೆ.

ಆ ಬಡ್ಡಿಯಿಂದ ತಪ್ಪಿಸಲೆಂದೇ ಒಂದು ಸಾಲದ ಯೋಜನೆ ಇದೆ. 2020ರ ಜೂನ್‌ನಲ್ಲಿ, ಕೊರೊನಾ ಲಾಕ್‌ಡೌನ್‌ನ ಹೊಡೆತದ ನಡುವೆ, ಕೇಂದ್ರ ಸರ್ಕಾರ ಪಿಎಂ ಸ್ವನಿಧಿ ಆರಂಭಿಸಿತು. ಅಡಮಾನವಿಲ್ಲದೆ ಮೊದಲು 10 ಸಾವಿರ, ಅದನ್ನು ತೀರಿಸಿದರೆ 20 ಸಾವಿರ, ಆಮೇಲೆ 50 ಸಾವಿರ ರೂಪಾಯಿ. ಸಕಾಲಕ್ಕೆ ಕಟ್ಟಿದವರಿಗೆ ಶೇ 7ರ ಬಡ್ಡಿ ಸಹಾಯಧನ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ ಇದನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಿ, ಮೊದಲ ಕಂತನ್ನು 15 ಸಾವಿರಕ್ಕೂ ಎರಡನೆಯದನ್ನು 25 ಸಾವಿರಕ್ಕೂ ಏರಿಸಿತು. ದುಡ್ಡು ಬ್ಯಾಂಕಿನದು, ಯೋಜನೆ ದಿಲ್ಲಿಯದು. ಆದರೆ ಬಾಗಿಲು ತೆರೆಯುವ ಕೀಲಿ ಪುರಸಭೆಯ ಹತ್ತಿರ ಇದೆ. ವ್ಯಾಪಾರಿಯ ಕೈಯಲ್ಲಿ ಪುರಸಭೆಯ ಗುರುತಿನ ಚೀಟಿಯೋ ಪ್ರಮಾಣಪತ್ರವೋ ಇರಬೇಕು, ಇಲ್ಲದಿದ್ದರೆ ಪುರಸಭೆ ಅಥವಾ ವ್ಯಾಪಾರ ಸಮಿತಿಯ ಶಿಫಾರಸು ಪತ್ರ ಬೇಕು. ಸಮೀಕ್ಷೆ ನಡೆಯದ ಊರಿನಲ್ಲಿ ಚೀಟಿ ಇಲ್ಲ, ಸಮಿತಿ ಸೇರದ ಊರಿನಲ್ಲಿ ಪತ್ರ ಇಲ್ಲ, ಪತ್ರವಿಲ್ಲದವಳಿಗೆ ಸಾಲವಿಲ್ಲ.

ವಾರ್ಡಿನ ಸದಸ್ಯ ಆ ಸಮಿತಿಯ ಅಧ್ಯಕ್ಷನಲ್ಲ. ಆದರೆ ಸಾಮಾನ್ಯ ಸಭೆಯಲ್ಲಿ ಎದ್ದುನಿಂತು 'ಸಮಿತಿ ಕಡೆಯ ಬಾರಿ ಸೇರಿದ್ದು ಯಾವಾಗ, ನಡಾವಳಿ ಎಲ್ಲಿ' ಎಂದು ಕೇಳಬಲ್ಲ. ಮುಖ್ಯಾಧಿಕಾರಿ ಉತ್ತರ ಕೊಡಲೇಬೇಕು, ಕೊಟ್ಟ ಉತ್ತರ ದಾಖಲೆಯಾಗಬೇಕು. 'ಸಣ್ಣ ವ್ಯಾಪಾರಿಗಳಿಗೆ ಪ್ರೋತ್ಸಾಹ' ಎಂಬ ಸಾಲಿನ ಹಿಂದೆ ಇಷ್ಟಾದರೂ ಸಿದ್ಧತೆ ಇದೆಯೇ ಎಂದು ಅಭ್ಯರ್ಥಿಯನ್ನು ಪರೀಕ್ಷಿಸಲು ಈ ಒಂದು ಪ್ರಶ್ನೆ ಸಾಕು. ಸಮಿತಿ ಇದೆಯೆಂಬುದೇ ಗೊತ್ತಿಲ್ಲದವರು ಯಾರೆಂದು ತಕ್ಷಣ ತಿಳಿದುಹೋಗುತ್ತದೆ.

ಇದರ ಜೊತೆಗೇ ಕೇಳಬೇಕಾದದ್ದು ಸುಂಕದ ವಿಷಯ. ಪುರಸಭೆ, ಪಟ್ಟಣ ಪಂಚಾಯಿತಿಗಳು ಸಂತೆ ಸುಂಕ, ನೆಲವಳಿ ಸುಂಕ ಎತ್ತುವ ಹಕ್ಕನ್ನು ಹರಾಜು ಹಾಕುವುದು ಹಳೆಯ ರೂಢಿ. ಹರಾಜು ಹಿಡಿದವನು ಕಟ್ಟಿದ ದುಡ್ಡನ್ನು ವಸೂಲು ಮಾಡಿಕೊಳ್ಳಲೇಬೇಕಲ್ಲ, ಬುಟ್ಟಿಗೆ ಇಷ್ಟು, ಗಾಡಿಗೆ ಇಷ್ಟು ಎಂದು ಅವನ ಹುಡುಗರು ಕೇಳುತ್ತಾರೆ. ದರದ ಫಲಕ ಸಂತೆಯ ಬಾಯಲ್ಲಿ ಇದೆಯೇ, ಕೊಟ್ಟ ದುಡ್ಡಿಗೆ ರಸೀದಿ ಇದೆಯೇ, ಹೊತ್ತು ತಂದ ಎರಡು ಕಂತೆ ಕೊತ್ತಂಬರಿಗೂ ಸುಂಕವೇ? ಸಣ್ಣ ಮೊತ್ತ ಎನ್ನಿಸಬಹುದು. ದಿನಕ್ಕೆ ಮುನ್ನೂರು ರೂಪಾಯಿ ಉಳಿಸುವವಳಿಗೆ ಮೂವತ್ತು ರೂಪಾಯಿ ಹತ್ತನೇ ಒಂದು ಭಾಗ. ಇಷ್ಟು ಭಾರದ ತೆರಿಗೆಯನ್ನು ಪೇಟೆಯ ದೊಡ್ಡ ಅಂಗಡಿಯವನು ಒಪ್ಪುವನೇ?

ಬೀದಿಯಿಂದ ಒಂದು ಮೆಟ್ಟಿಲು ಮೇಲೆ ಹತ್ತಿದರೆ ಪುರಸಭೆಯ ಮಳಿಗೆಗಳು. ಬಸ್ ನಿಲ್ದಾಣದ ಎದುರು, ಹಳೇ ಸಂತೆ ಮೈದಾನದ ಸುತ್ತ, ತಗಡಿನ ಷಟರಿನ ಸಾಲು ಅಂಗಡಿಗಳು. ದರ್ಜಿ, ಮೊಬೈಲ್ ರಿಪೇರಿ, ಜೆರಾಕ್ಸ್, ಕ್ಷೌರದಂಗಡಿ, ಬೀಜ ಗೊಬ್ಬರ. ಇಲ್ಲಿ ಎರಡು ಬಗೆಯ ಅನ್ಯಾಯ ಬೇರೂರಿದೆ, ಎರಡೂ ಒಂದರೊಳಗೊಂದು ಹೆಣೆದುಕೊಂಡಿವೆ. ಗುತ್ತಿಗೆ ಅವಧಿ ಮುಗಿದರೂ ಹಳೆಯ ಬಾಡಿಗೆಯಲ್ಲೇ ಕೂತು, ತಾವು ವ್ಯಾಪಾರ ಮಾಡದೆ ಇನ್ನೊಬ್ಬರಿಗೆ ಹತ್ತು ಪಟ್ಟಿಗೆ ಒಳಬಾಡಿಗೆ ಕೊಟ್ಟವರಿದ್ದಾರೆ. ಅದನ್ನು ಸರಿಪಡಿಸುತ್ತೇವೆಂದು ಬಹಿರಂಗ ಹರಾಜು ಕರೆದರೆ, ದುಡ್ಡಿದ್ದವರು ಮೇಲೆ ಮೇಲೆ ಕೂಗಿ ಹಿಡಿಯುತ್ತಾರೆ, ಮೂವತ್ತು ವರ್ಷದಿಂದ ಅಲ್ಲೇ ಕತ್ತರಿ ಹಿಡಿದು ಕೂತ ದರ್ಜಿ ಬೀದಿಗೆ ಬೀಳುತ್ತಾನೆ. 2017ರ ಸೆಪ್ಟೆಂಬರ್‌ನಲ್ಲಿ ಭಟ್ಕಳದಲ್ಲಿ ಪುರಸಭೆಯ ಮಳಿಗೆಗಳ ತೆರವಿನ ವೇಳೆ ಒಬ್ಬ ವ್ಯಾಪಾರಿ ಬೆಂಕಿ ಹಚ್ಚಿಕೊಂಡು ಪ್ರಾಣ ಕಳೆದುಕೊಂಡರು. ಒಂದು ಮಳಿಗೆಯೆಂದರೆ ಒಂದು ಸಂಸಾರಕ್ಕೆ ಏನು ಎಂಬುದನ್ನು ಆ ಸಾವಿಗಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವಿಲ್ಲ.

ಮಳಿಗೆಯ ಬಗ್ಗೆ ಅಭ್ಯರ್ಥಿಯ ನಿಲುವೇನು ಎಂದು ಕೇಳಿದರೆ ಎರಡು ಬಣದವರ ಮತವೂ ಬೇಕಾದ್ದರಿಂದ ಜಾಣರು ಜಾರಿಕೊಳ್ಳುತ್ತಾರೆ. ನನ್ನ ತೀರ್ಮಾನ ಇದು: ತಾವೇ ಕೂತು ವ್ಯಾಪಾರ ಮಾಡುತ್ತಿರುವ ಬಾಡಿಗೆದಾರರಿಗೆ ಮಾರುಕಟ್ಟೆ ದರಕ್ಕೆ ಹತ್ತಿರದ ಹೊಸ ಬಾಡಿಗೆಯಲ್ಲಿ ಮುಂದುವರಿಯುವ ಮೊದಲ ಅವಕಾಶ ಸಿಗಬೇಕು, ಒಳಬಾಡಿಗೆ ಕೊಟ್ಟವರ ಮಳಿಗೆಗಳನ್ನು ಮಾತ್ರ ಹರಾಜಿಗೆ ತೆರೆಯಬೇಕು. ಇದಕ್ಕೆ ನಿಯಮದ ತಿದ್ದುಪಡಿ ಬೇಕಾದರೆ ಪುರಸಭೆ ನಿರ್ಣಯ ಮಾಡಿ ಸರ್ಕಾರಕ್ಕೆ ಬರೆಯಲಿ. ಮಳಿಗೆ ಯಾರ ಹೆಸರಲ್ಲಿದೆ, ಬಾಡಿಗೆ ಎಷ್ಟು, ಬಾಕಿ ಎಷ್ಟು ಎಂಬ ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಲು ಯಾವ ತಿದ್ದುಪಡಿಯೂ ಬೇಕಿಲ್ಲ.

ಮೈಸೂರಿನವರಿಗೆ ಈ ಸಂಕಟ ಇನ್ನೊಂದು ರೂಪದಲ್ಲಿ ಗೊತ್ತು. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ಮೇಲೆ, 2016ರ ಆಗಸ್ಟ್‌ನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಬಿತ್ತು. ಕೆಡವಿ ಕಟ್ಟಬೇಕೋ ಉಳಿಸಿ ದುರಸ್ತಿ ಮಾಡಬೇಕೋ ಎಂಬ ವಾದ ಸಮಿತಿಗಳಿಂದ ನ್ಯಾಯಾಲಯದವರೆಗೆ ವರ್ಷಗಟ್ಟಲೆ ಓಡಾಡಿತು. ಪಾರಂಪರಿಕ ಕಟ್ಟಡದ ವಾಸ್ತುವಿನ ಬಗ್ಗೆ ಬಹಳ ಚರ್ಚೆಯಾಯಿತು, ಆಗಬೇಕಾದದ್ದೇ. ಆ ವರ್ಷಗಳಲ್ಲೆಲ್ಲ ಅಲ್ಲಿ ಮಲ್ಲಿಗೆ, ವೀಳ್ಯದೆಲೆ, ಬಾಳೆಹಣ್ಣು ಮಾರುವವರು ನಾಳೆ ಅಂಗಡಿ ಇರುತ್ತದೋ ಇಲ್ಲವೋ ಎಂಬ ಅನುಮಾನದಲ್ಲೇ ಬೆಳಿಗ್ಗೆ ಬಾಗಿಲು ತೆಗೆದರು. ನಾಳೆಯ ಭರವಸೆ ಇಲ್ಲದವನು ಅಂಗಡಿಗೆ ಹೊಸ ತಕ್ಕಡಿ ತರುವುದಿಲ್ಲ, ಇನ್ನೊಬ್ಬ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಅನಿಶ್ಚಿತತೆಯೇ ಉದ್ಯೋಗವನ್ನು ಕೊಲ್ಲುತ್ತದೆ.

ರಸ್ತೆ ಅಗೆತದ್ದೂ ಇದೇ ಕಥೆ. ಬೆಂಗಳೂರಿನ ಗಾಂಧಿ ಬಜಾರಿನ ಮುಖ್ಯರಸ್ತೆಯನ್ನು ಪಾದಚಾರಿಗಳಿಗೆ ಅನುಕೂಲವಾಗುವಂತೆ ಮರುವಿನ್ಯಾಸ ಮಾಡುವ ಕಾಮಗಾರಿ 2022ರ ಕೊನೆಯಲ್ಲಿ ಶುರುವಾಯಿತು. ಉದ್ದೇಶ ಒಳ್ಳೆಯದೇ. ಆದರೆ ಹೂವು ಹಣ್ಣಿನ ವ್ಯಾಪಾರಿಗಳು ಜಾಗ ಬಿಡಬೇಕಾಯಿತು, ಅಂಗಡಿಗಳ ಮುಂದೆ ಗುಂಡಿ ಮಣ್ಣು ಉಳಿದವು, ಗಡುವುಗಳು ಮುಂದೆ ಹೋದವು, ಗಿರಾಕಿಗಳು ಬೇರೆ ಪೇಟೆ ನೋಡಿಕೊಂಡರು. ವ್ಯಾಪಾರಿಗಳು ತಮ್ಮ ಅಹವಾಲು ಹೇಳಿಕೊಳ್ಳಲು ಹೋಗಬೇಕಾಗಿದ್ದದ್ದು ಅಧಿಕಾರಿಗಳ ಮತ್ತು ಶಾಸಕರ ಬಳಿಗೆ, ಏಕೆಂದರೆ ಆಗ ಆ ವಾರ್ಡಿಗೆ ಕಾರ್ಪೊರೇಟರೇ ಇರಲಿಲ್ಲ. ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು.

ಕಾಮಗಾರಿಯ ವಿಷಯದಲ್ಲಿ ಅಭ್ಯರ್ಥಿಯಿಂದ ಪಡೆಯಬೇಕಾದ ಮಾತು ಸರಳ. ಪೇಟೆಬೀದಿಯನ್ನು ಒಂದೇ ಸಲಕ್ಕೆ ಪೂರ್ತಿ ಅಗೆಯದೆ ತುಂಡು ತುಂಡಾಗಿ ಮಾಡಿಸುವುದು, ನೀರಿನ ಪೈಪು, ಕೇಬಲ್, ಚರಂಡಿ ಮೂರನ್ನೂ ಒಂದೇ ಅಗೆತದಲ್ಲಿ ಮುಗಿಸುವುದು, ಯುಗಾದಿ, ಗಣೇಶನ ಹಬ್ಬ, ದಸರಾ, ದೀಪಾವಳಿ, ರಂಜಾನ್, ಕ್ರಿಸ್‌ಮಸ್ ಹೀಗೆ ಆ ಬೀದಿಯ ವ್ಯಾಪಾರದ ದಿನಗಳನ್ನು ಕೇಳಿಕೊಂಡು ದಿನಾಂಕ ಹಾಕುವುದು, ಗಡುವು ದಾಟಿದ ಗುತ್ತಿಗೆದಾರನಿಗೆ ದಂಡ ಹಾಕಿಸುವುದು. ಇದಕ್ಕೆ ಹೆಚ್ಚಿನ ಹಣ ಬೇಡ. ಬಟ್ಟೆ ಅಂಗಡಿಗೆ ವರ್ಷದ ಬಹುಪಾಲು ಆದಾಯ ತರುವ ದಿನಗಳು ಬೆರಳೆಣಿಕೆಯವು ಎಂಬ ತಿಳಿವಳಿಕೆ ಬೇಕು.

ಉದ್ದಿಮೆ ಪರವಾನಿಗೆಯ ಬಗ್ಗೆ ಎರಡು ಮಾತು ಸಾಕು. ಕಟ್ಟಡದ ಮಾಲೀಕ ಆಸ್ತಿ ತೆರಿಗೆ ಬಾಕಿ ಉಳಿಸಿಕೊಂಡರೆ, ಇ-ಖಾತೆ ಮಾಡಿಸದಿದ್ದರೆ, ಪರವಾನಿಗೆ ಸಿಗದೆ ಒದ್ದಾಡುವವನು ಬಾಡಿಗೆಗೆ ಕೂತ ಬೇಕರಿಯವನು. ಅವನ ತಪ್ಪಿಲ್ಲದ ದಾಖಲೆಗೆ ಅವನನ್ನು ಅಲೆಸುವುದು ನಿಲ್ಲಬೇಕು. ಹಾಗೆಯೇ ನೇಕಾರರ ಊರುಗಳಲ್ಲಿ, ದೊಡ್ಡಬಳ್ಳಾಪುರ, ರಬಕವಿ-ಬನಹಟ್ಟಿ, ಗದಗ-ಬೆಟಗೇರಿಗಳಲ್ಲಿ, ಮನೆಯೊಳಗೇ ಮಗ್ಗವಿರುವ ಕುಟುಂಬದ ಕಟ್ಟಡಕ್ಕೆ ಮನೆಯ ತೆರಿಗೆ ಹಾಕಬೇಕೋ ವಾಣಿಜ್ಯದ ತೆರಿಗೆ ಹಾಕಬೇಕೋ, ಬಣ್ಣದ ನೀರು ಎಲ್ಲಿಗೆ ಹರಿಯಬೇಕು ಎಂಬುದು ಅಲ್ಲಿನ ನಗರಸಭೆಯ ಚುನಾವಣೆಯಲ್ಲಿ ಕೇಳಲೇಬೇಕಾದ ಪ್ರಶ್ನೆ. ಬೆಂಗಳೂರಿನ ಪೀಣ್ಯದಲ್ಲಿ ಸಾವಿರಾರು ಸಣ್ಣ ಘಟಕಗಳಿವೆ. ಅಲ್ಲಿ ಲೇತ್ ಯಂತ್ರ ಇಟ್ಟುಕೊಂಡು ಆರು ಜನಕ್ಕೆ ಸಂಬಳ ಕೊಡುವವನಿಗೆ ಸಬ್ಸಿಡಿಗಿಂತ ಮೊದಲು ಬೇಕಾಗಿರುವುದು ಮಳೆಗಾಲದಲ್ಲೂ ಟೆಂಪೊ ಒಳಗೆ ಬರುವಂಥ ರಸ್ತೆ, ರಾತ್ರಿ ಪಾಳಿ ಮುಗಿಸಿ ಹೆಣ್ಣುಮಕ್ಕಳು ಹೆದರದೆ ನಡೆದುಹೋಗುವಷ್ಟು ಬೆಳಕು.

ಪುರಸಭೆ ತಾನೇ ಒಬ್ಬ ದೊಡ್ಡ ಉದ್ಯೋಗದಾತ ಎಂಬುದನ್ನು ಚುನಾವಣೆಯ ಭರಾಟೆಯಲ್ಲಿ ಮರೆಯುತ್ತೇವೆ. 700 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಎಂಬ ಲೆಕ್ಕದಲ್ಲಿ 70 ಸಾವಿರ ಜನರಿರುವ ಪಟ್ಟಣಕ್ಕೆ ನೂರು ಹುದ್ದೆ ಬೇಕು. ಅವು ಭರ್ತಿಯಾಗಿವೆಯೇ, ಎಷ್ಟು ಮಂದಿ ಕಾಯಂ, ಎಷ್ಟು ಮಂದಿ ಇನ್ನೂ ಗುತ್ತಿಗೆದಾರನ ಕೈಕೆಳಗೆ, ಇಎಸ್‌ಐ ಪಿಎಫ್ ಕಟ್ಟುತ್ತಿದ್ದಾರೆಯೇ? ಬೆಂಗಳೂರಿನಲ್ಲಿ 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ನೇಮಕಾತಿ ಪತ್ರ ಸಿಕ್ಕಿದ್ದು ವರ್ಷಗಳ ಹೋರಾಟದ ಫಲ. ಕಸದ ಆಟೊ ಓಡಿಸುವವರು, ನೀರು ಬಿಡುವ ವಾಲ್ವ್‌ಮನ್‌ಗಳು, ಒಳಚರಂಡಿ ಕೆಲಸದವರು ಹಲವು ಊರುಗಳಲ್ಲಿ ಈಗಲೂ ಅಂಥದೊಂದು ಪತ್ರಕ್ಕೆ ಕಾಯುತ್ತಿದ್ದಾರೆ. ಸಾವಿರ ಉದ್ಯೋಗ ಸೃಷ್ಟಿಸುತ್ತೇನೆ ಎನ್ನುವ ಅಭ್ಯರ್ಥಿ ಮೊದಲು ತನ್ನ ಪುರಸಭೆ ಈಗಾಗಲೇ ಕೊಟ್ಟಿರುವ ಉದ್ಯೋಗಗಳಿಗೆ ತಿಂಗಳು ತಿಂಗಳು ಸಂಬಳ ಬರುವಂತೆ ನೋಡಿಕೊಳ್ಳಲಿ.

ಹಳ್ಳಿಗಳ ಕಡೆ ಒಂದು ಒಳ್ಳೆಯ ಬೆಳವಣಿಗೆ ಇದೆ. ಗ್ರಾಮ ಪಂಚಾಯಿತಿಗಳ ಕಸ ಸಂಗ್ರಹದ ಕೆಲಸವನ್ನು ಸಂಜೀವಿನಿ ಒಕ್ಕೂಟದ ಮಹಿಳೆಯರಿಗೆ ವಹಿಸಿ, ಅವರಿಗೆ ಚಾಲನೆ ಕಲಿಸಿ, 'ಸ್ವಚ್ಛ ವಾಹಿನಿ' ಗಾಡಿಗಳನ್ನು ಅವರ ಕೈಗೆ ಕೊಟ್ಟ ಪಂಚಾಯಿತಿಗಳು ರಾಜ್ಯದಲ್ಲಿ ಹಲವಿವೆ. ನಿನ್ನೆಯವರೆಗೆ ಕೂಲಿಗೆ ಹೋಗುತ್ತಿದ್ದ ಹೆಣ್ಣುಮಗಳು ಇಂದು ಲೈಸೆನ್ಸ್ ಪಡೆದ ಚಾಲಕಿ. 2023-24ರ ಬಜೆಟ್ಟಿನಲ್ಲಿ ಘೋಷಣೆಯಾದ 'ಕೂಸಿನ ಮನೆ' ಕೂಡ ದುಡಿಮೆಗೆ ಸಂಬಂಧಪಟ್ಟ ಯೋಜನೆಯೇ. ಮಗುವನ್ನು ನಂಬಿ ಬಿಡುವ ಜಾಗವಿದ್ದರೆ ತಾಯಿ ಕೆಲಸಕ್ಕೆ ಹೋಗಬಲ್ಲಳು. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಹಾಗಾಗಿ ಅಲ್ಲಿ ಅಭ್ಯರ್ಥಿಯನ್ನು ಪಕ್ಷದ ಹೆಸರಿನಲ್ಲಿ ತೂಗುವ ಅಗತ್ಯವೂ ಇಲ್ಲ, ಕೂಸಿನ ಮನೆ ತೆರೆದಿದೆಯೇ, ಅಲ್ಲಿ ಮಕ್ಕಳಿಗೆ ಊಟ ಸಿಗುತ್ತದೆಯೇ ಎಂದು ಕೇಳಿದರೆ ಸಾಕು. ಪಟ್ಟಣದ ಮಾರುಕಟ್ಟೆಗಳಿಗೂ ಇಂಥದೊಂದು ಮನೆ ಏಕೆ ಬೇಡ? ಹೂ ಕಟ್ಟುವವಳ ಮಗು ಬುಟ್ಟಿಯ ಪಕ್ಕದಲ್ಲಿ, ಬಸ್ಸಿನ ಹೊಗೆಯಲ್ಲಿ ಮಲಗುತ್ತದೆ. ಶೌಚಾಲಯ ದೂರವೆಂದು ಇಡೀ ದಿನ ನೀರು ಕುಡಿಯದೆ ಕೂರುವ ಹೆಂಗಸರು ಎಲ್ಲ ಸಂತೆಗಳಲ್ಲೂ ಇದ್ದಾರೆ. ಮಾರುಕಟ್ಟೆಯಲ್ಲಿ ನೀರಿರುವ, ಬೀಗ ಹಾಕದ ಒಂದು ಶೌಚಾಲಯವನ್ನು ನಾನು ಉದ್ಯೋಗ ನೀತಿಯ ಲೆಕ್ಕಕ್ಕೇ ಸೇರಿಸುತ್ತೇನೆ.

ದುಡ್ಡು ಎಲ್ಲಿಂದ ಎಂದು ಕೇಳುವವರಿಗೆ ಬಜೆಟ್ ಪುಸ್ತಕ ತೋರಿಸಬೇಕು. ನಗರ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ 24.10ನ್ನು ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, ಶೇ 7.25ನ್ನು ಇತರ ಬಡವರ್ಗಗಳಿಗೆ, ಶೇ 5ನ್ನು ಅಂಗವಿಕಲರಿಗೆ ಮೀಸಲಿಡಬೇಕೆಂಬ ನಿಯಮವಿದೆ. ಹೊಲಿಗೆ ಯಂತ್ರ, ತಳ್ಳುಗಾಡಿ, ತ್ರಿಚಕ್ರ ವಾಹನ, ತರಬೇತಿ ಶುಲ್ಕ ಇವೆಲ್ಲ ಬರುವುದು ಈ ಲೆಕ್ಕದಿಂದ. ಹಣ ಖರ್ಚಾಗದೆ ಉಳಿಯುವುದು ಒಂದು ರೋಗ, ಖರ್ಚಾದದ್ದು ಸದಸ್ಯರ ಹಿಂಬಾಲಕರ ಮನೆಗೆ ಹೋಗುವುದು ಇನ್ನೊಂದು. ಹೊಲಿಗೆ ಕಲಿಯದವರಿಗೆ ಯಂತ್ರ ಕೊಟ್ಟರೆ ಅದು ತಿಂಗಳೊಳಗೆ ಮಾರಾಟವಾಗುತ್ತದೆ. ಫಲಾನುಭವಿಗಳ ಆಯ್ಕೆ ವಾರ್ಡಿನ ಸಭೆಯಲ್ಲಿ ಎಲ್ಲರೆದುರು ಆಗಲಿ, ಯಂತ್ರ ಕೊಟ್ಟವರಿಗೆ ಕೆಲಸದ ಆದೇಶವೂ ಸಿಗಲಿ. ಪೌರಕಾರ್ಮಿಕರ ಸಮವಸ್ತ್ರ ಹೊಲಿಸುವುದು ಪುರಸಭೆಯೇ ಅಲ್ಲವೇ? ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಪೂರ್ವಭಾವಿ ಸಭೆ ನಡೆಯುತ್ತದೆ. ಗುತ್ತಿಗೆದಾರರು ತಪ್ಪದೆ ಬರುತ್ತಾರೆ, ತಳ್ಳುಗಾಡಿಯವರಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಇಷ್ಟೆಲ್ಲ ಕೇಳಲು ಚುನಾವಣೆಯಾದರೂ ನಡೆಯಬೇಕಲ್ಲ. ಐದು ವರ್ಷದ ಅವಧಿ ಮುಗಿಯುವುದರೊಳಗೆ ಹೊಸ ಚುನಾವಣೆ ಆಗಬೇಕೆಂದು ಸಂವಿಧಾನ ಹೇಳುತ್ತದೆ. ಬಿಬಿಎಂಪಿಗೆ ಕಡೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಅದು ಐದು ಪಾಲಿಕೆಗಳಾಗಿ ಒಡೆದಾಗಲೂ ಒಬ್ಬ ಚುನಾಯಿತ ಸದಸ್ಯ ಇರಲಿಲ್ಲ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಪಕ್ಷ ಯಾವುದೇ ಇರಲಿ, ಅಧಿಕಾರದಲ್ಲಿದ್ದವರೆಲ್ಲ ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ ಪಟ್ಟಿ ಎಂದು ಕಾರಣ ಕೊಟ್ಟು ಮುಂದೂಡಿದ್ದಾರೆ. ಇದರ ನಷ್ಟವನ್ನು ಉಂಡವರಲ್ಲಿ ಸಣ್ಣ ವ್ಯಾಪಾರಿಗಳು ಮೊದಲಿಗರು. ದೊಡ್ಡ ಉದ್ಯಮಿಗೆ ಸಚಿವರ ಫೋನ್ ನಂಬರು ಗೊತ್ತಿರುತ್ತದೆ. ಇಡ್ಲಿ ಗಾಡಿಯವನಿಗೆ ಗೊತ್ತಿರುವುದು ವಾರ್ಡಿನ ಸದಸ್ಯನ ಮನೆ ಮಾತ್ರ.

ಇಷ್ಟಾದರೂ ಅಭ್ಯರ್ಥಿಗಳು ಈ ವಿಷಯಗಳನ್ನು ಏಕೆ ಎತ್ತುವುದಿಲ್ಲ? ಅಜ್ಞಾನ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಮತಪಟ್ಟಿಯಲ್ಲಿದೆ. ಗಾಂಧಿ ಬಜಾರಿನಲ್ಲಿ ಹೂ ಮಾರುವವಳು ಗಾಂಧಿ ಬಜಾರಿನಲ್ಲಿ ವಾಸವಿಲ್ಲ, ಅಲ್ಲಿನ ಬಾಡಿಗೆ ಅವಳ ಕೈಗೆ ಎಟುಕುವುದಿಲ್ಲ. ಅವಳ ಮತ ಊರಾಚೆಯ ಯಾವುದೋ ವಾರ್ಡಿನಲ್ಲಿದೆ. ತಾಲ್ಲೂಕು ಪೇಟೆಯ ಅಂಗಡಿಯವನು ಬಡಾವಣೆಯಲ್ಲಿ ಮನೆ ಮಾಡಿದ್ದಾನೆ, ಸಂತೆಗೆ ಬರುವ ತರಕಾರಿಯವಳ ಹೆಸರು ಪಕ್ಕದ ಹಳ್ಳಿಯ ಪಟ್ಟಿಯಲ್ಲಿದೆ. ದುಡಿಯುವ ಜಾಗದಲ್ಲಿ ಅವರಿಗೆ ಮತವಿಲ್ಲ. ಪೇಟೆ ವಾರ್ಡಿನ ಅಭ್ಯರ್ಥಿ ಲೆಕ್ಕ ಹಾಕುವುದು ಅಲ್ಲಿ ವಾಸವಿರುವವರನ್ನು, ಅವರಲ್ಲೂ ಗಟ್ಟಿಯಾಗಿ ಮಾತಾಡುವವರನ್ನು. ಅಂಥವರಲ್ಲಿ ಹಲವರು ಫುಟ್‌ಪಾತ್ ತೆರವು ಮಾಡಿಸಿ ಎಂದು ಅರ್ಜಿ ಹಿಡಿದು ಬರುತ್ತಾರೆ. ನಡೆಯಲು ಜಾಗ ಬೇಕೆಂಬ ಅವರ ಬೇಡಿಕೆಯೂ ನ್ಯಾಯವಾದದ್ದೇ, ಗಾಲಿಕುರ್ಚಿಯವರಿಗೆ, ಮುದುಕರಿಗೆ ಅದು ಜೀವದ ಪ್ರಶ್ನೆ. ಎರಡೂ ಬೇಡಿಕೆಗಳನ್ನು ಒಂದೇ ಮೇಜಿಗೆ ತಂದು ಎಲ್ಲಿ ಗಾಡಿ, ಎಲ್ಲಿ ಕಾಲುದಾರಿ ಎಂದು ಗೆರೆ ಎಳೆಯಲೆಂದೇ ಕಾನೂನು ವ್ಯಾಪಾರ ಸಮಿತಿಯನ್ನು ಮಾಡಿತು, ನಿವಾಸಿಗಳ ಸಂಘಕ್ಕೂ ಅಲ್ಲಿ ಸ್ಥಾನ ಕೊಟ್ಟಿತು. ಆ ಮೇಜೇ ಇಲ್ಲದ ಊರಿನಲ್ಲಿ ಗೆರೆ ಎಳೆಯುವುದು ಟ್ರ್ಯಾಕ್ಟರು.

ಆದ್ದರಿಂದ ಈ ಮಾತು ಪೇಟೆ ವಾರ್ಡುಗಳಲ್ಲಿ ವಾಸವಿದ್ದು ಮತವಿರುವ ಓದುಗರಿಗೆ. ಬೆಳಿಗ್ಗೆ ನಿಮಗೆ ಸೊಪ್ಪು ಕೊಡುವವಳು, ಸಂಜೆ ನಿಮ್ಮ ಮಕ್ಕಳಿಗೆ ಪಾನಿಪುರಿ ಮಾಡಿಕೊಡುವವನು, ಚಪ್ಪಲಿಗೆ ಉಂಗುಷ್ಠ ಹಾಕಿಕೊಡುವ ಯಜಮಾನರು ನಿಮ್ಮ ವಾರ್ಡಿನ ಅಭ್ಯರ್ಥಿಯನ್ನು ಪ್ರಶ್ನಿಸಲಾರರು, ನೀವು ಪ್ರಶ್ನಿಸಬಲ್ಲಿರಿ. ಮತ ಕೇಳಲು ಬಂದವರನ್ನು ನಿಲ್ಲಿಸಿಕೊಂಡು ವ್ಯಾಪಾರ ಸಮಿತಿ ಯಾವಾಗ ಸೇರಿತ್ತು, ಸಮೀಕ್ಷೆಯಲ್ಲಿ ಎಷ್ಟು ಹೆಸರಿದೆ, ಜಪ್ತಿ ಮಾಡಿದ ಸಾಮಾನಿಗೆ ಪಟ್ಟಿ ಕೊಡುತ್ತಾರೆಯೇ, ಮಳಿಗೆಗಳ ಬಾಡಿಗೆ ಪಟ್ಟಿ ಎಲ್ಲಿದೆ ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಬರಲು ಎರಡು ದಿನ ಕೊಡಿ, ತಿಳಿದುಕೊಂಡು ಮರಳಿ ಬಂದವರನ್ನು ನೆನಪಿಟ್ಟುಕೊಳ್ಳಿ. ಗೆದ್ದ ಮೇಲೆ ಸಾಮಾನ್ಯ ಸಭೆಯಲ್ಲಿ ಅವರು ಈ ವಿಷಯ ಎತ್ತಿದರೋ ಇಲ್ಲವೋ ಎಂಬುದು ನಡಾವಳಿಯಲ್ಲಿ ದಾಖಲಾಗುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಶುಲ್ಕ 10 ರೂಪಾಯಿ.